ಹದಿಹರೆಯದ ಪ್ರೇಮಕಥೆಯಲ್ಲಿ ಮೊದಲ ನೋಟ: ಓದುಗರು ನಂಬುವಂತೆ ಬರೆಯಲು ಒಂದು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದ ಕಾಲೇಜು ಹುಡುಗ ಹುಡುಗಿಯರು ಬರೆದ ಪ್ರೇಮಕಥೆಗಳು ಆಗಾಗ ನನ್ನ ಕೈಗೆ ಬರುತ್ತವೆ. ಬರೆಯುವ ಹುರುಪಿಗೇನೂ ಕೊರತೆಯಿಲ್ಲ. ಆದರೆ ಹೆಚ್ಚಿನವು ಮೊದಲ ಪುಟದಲ್ಲೇ ಮುಗ್ಗರಿಸುತ್ತವೆ. ಅವನು ಅವಳನ್ನು ನೋಡುತ್ತಾನೆ, ಗಾಳಿ ಬೀಸುತ್ತದೆ, ಕೂದಲು ಹಾರುತ್ತದೆ, ಎದೆ ಡವಡವ ಎನ್ನುತ್ತದೆ, ಮುಂದಿನ ಸಾಲಿಗೆ ಪ್ರೀತಿ ಹುಟ್ಟಿಯೇಬಿಟ್ಟಿರುತ್ತದೆ. ಇಂಗ್ಲಿಷಿನಲ್ಲಿ ಯಂಗ್ ಅಡಲ್ಟ್ ಕಾದಂಬರಿ ಓದುವವರು ಇದನ್ನು ‘ಇನ್‌ಸ್ಟಾ-ಲವ್’, ಅಂದರೆ ದಿಢೀರ್ ಪ್ರೀತಿ, ಎಂದು ಕರೆದು ಪುಸ್ತಕ ಬದಿಗಿಡುತ್ತಾರೆ. ನಮ್ಮ ಓದುಗರು ಹೆಸರಿಡುವ ಗೋಜಿಗೆ ಹೋಗುವುದಿಲ್ಲ, ಮುಂದಿನ ಅಧ್ಯಾಯ ತೆರೆಯುವುದಿಲ್ಲ, ಅಷ್ಟೇ.

ಹಾಗಂತ ಮೊದಲ ನೋಟದ ಪ್ರೀತಿಯನ್ನೇ ಕೈಬಿಡಿ ಎಂದು ನಾನು ಹೇಳಲಾರೆ. ಹದಿನೆಂಟರ ಹೊತ್ತಿಗೆ ಹಾಗೆ ಆಗುತ್ತದೆ, ಆದದ್ದನ್ನು ಬರೆಯುವ ಹಕ್ಕು ನಿಮಗಿದೆ. ನಾನು ಹೇಳುವುದು ಇಷ್ಟು: ಆ ದೃಶ್ಯ ನೋಡಿಸಿಕೊಂಡವರಿಗಿಂತ ನೋಡಿದವರ ಬಗ್ಗೆ ಹೆಚ್ಚು ಹೇಳಬೇಕು. ಮೊದಲ ಸಲ ಕಂಡಾಗ ಎದುರಿನವರ ಹೆಸರೂ ಗೊತ್ತಿರುವುದಿಲ್ಲ, ಗುಣದ ಮಾತಂತೂ ದೂರ. ಹಾಗಾದರೆ ಮನಸ್ಸು ಹಿಡಿದುಕೊಂಡದ್ದು ಯಾವುದನ್ನು? ತನ್ನೊಳಗೆ ಮೊದಲೇ ಇದ್ದ ಒಂದು ಆಸೆಯನ್ನು. ಆ ಆಸೆ ಕಾಣಿಸಿದರೆ ಓದುಗರು ನೋಟವನ್ನು ನಂಬುತ್ತಾರೆ. ಕೆಳಗಿನ ಹಂತಗಳೆಲ್ಲ ಅದನ್ನು ಕಾಣಿಸುವ ದಾರಿಗಳು.

ಪೆನ್ನು ಹಿಡಿಯುವ ಮುಂಚೆ ತಿಳಿದಿರಬೇಕಾದದ್ದು

ನಮ್ಮ ಹಳಬರು ಈ ವಿಷಯವನ್ನು ಹಗುರವಾಗಿ ನೋಡಲಿಲ್ಲ. ಕಾಮಸೂತ್ರ ಪ್ರೇಮದ ಹತ್ತು ಅವಸ್ಥೆಗಳನ್ನು ಎಣಿಸುತ್ತದೆ. ಮೊದಲನೆಯದು ಚಕ್ಷುಃಪ್ರೀತಿ, ಅಂದರೆ ಕಣ್ಣಿನ ಒಲವು. ಆಮೇಲೆ ಮನಸ್ಸು ಅಂಟಿಕೊಳ್ಳುವುದು, ಅದನ್ನೇ ಮೆಲುಕು ಹಾಕುವುದು, ನಿದ್ದೆಗೆಡುವುದು, ಮೈ ಸೊರಗುವುದು, ಬೇರೆ ಯಾವುದೂ ರುಚಿಸದಿರುವುದು, ಏಳನೆಯದಾಗಿ ನಾಚಿಕೆ ಬಿಡುವುದು, ಹೀಗೆ ಉನ್ಮಾದ, ಮೂರ್ಛೆ, ಮರಣದವರೆಗೆ. ಹತ್ತು ಮೆಟ್ಟಿಲಲ್ಲಿ ಕಣ್ಣಿನದು ಒಂದೇ ಒಂದು. ನಮ್ಮ ಹುಡುಗರ ಕಥೆ ಮೊದಲನೆಯದರಿಂದ ಏಳನೆಯದಕ್ಕೆ ಜಿಗಿಯುತ್ತದೆ. ನಡುವಿನ ಐದರಲ್ಲೇ ಕಾದಂಬರಿ ಇರುವುದು.

ಈ ಕಾಲದ ಮನಶ್ಶಾಸ್ತ್ರಜ್ಞರೂ ಇಂಥದ್ದೇ ಮಾತಾಡುತ್ತಾರೆ. 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾನಿನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಒಂದು ಅಧ್ಯಯನ ಪ್ರಕಟಿಸಿದರು. ಸೆಕೆಂಡಿನ ಹತ್ತರಲ್ಲೊಂದು ಪಾಲು ಹೊತ್ತು ಮುಖ ತೋರಿಸಿದರೂ ಸಾಕು, ಚೆಲುವೋ ಅಲ್ಲವೋ, ನಂಬಬಹುದೋ ಬಾರದೋ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಹೆಚ್ಚು ಹೊತ್ತು ಕೊಟ್ಟರೆ ಆ ತೀರ್ಮಾನದ ಮೇಲಿನ ಭರವಸೆ ಗಟ್ಟಿಯಾಗುತ್ತದೆ, ತೀರ್ಮಾನ ಅಷ್ಟಾಗಿ ಬದಲಾಗುವುದಿಲ್ಲ. 2017ರಲ್ಲಿ ನೆದರ್ಲ್ಯಾಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು, ಮೊದಲ ನೋಟದಲ್ಲೇ ಪ್ರೀತಿಯಾಯಿತು ಎಂದವರನ್ನು ಪರಿಶೀಲಿಸಿದಾಗ ಅಲ್ಲಿ ಕಂಡದ್ದು ಮುಖ್ಯವಾಗಿ ರೂಪದ ಸೆಳೆತ. ಆಪ್ತತೆ, ಬದ್ಧತೆಗಳು ಆ ಗಳಿಗೆಯಲ್ಲಿ ಎದ್ದು ಕಾಣಲಿಲ್ಲ. ಕಥೆಗಾರರಿಗೆ ಇದರಿಂದ ಧೈರ್ಯ ಬರಬೇಕು. ನೋಟ ನಿಜ, ಅದರ ವೇಗವೂ ನಿಜ. ಅದಕ್ಕೆ ಪ್ರೀತಿಯ ತೂಕ ಬರುವುದು ಮುಂದಿನ ಪುಟಗಳಿಂದ.

ಹಂತ 1: ನೋಡುವವರಿಗೆ ಆ ದಿನ ಏನು ಬೇಕಾಗಿತ್ತು?

ಎದುರಿನವರು ಕಾಣುವ ಮುಂಚಿನ ಅರ್ಧ ದಿನವನ್ನು ಮೊದಲು ಬರೆಯಿರಿ. ಅದು ಕಥೆಯಲ್ಲಿ ಬರದಿದ್ದರೂ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಲಿ. ಧಾರವಾಡದ ಸಪ್ತಾಪುರದ ರೀಡಿಂಗ್ ರೂಮಿನಲ್ಲಿ ಕೂತ ಹುಡುಗ ವಾರದಿಂದ ಯಾರೊಂದಿಗೂ ಬಾಯಿಬಿಟ್ಟು ಮಾತಾಡಿಲ್ಲವೇ? ಗದಗಿನಿಂದ ಬಂದ ಹುಡುಗಿಗೆ ಹಾಸ್ಟೆಲ್ಲಿನಲ್ಲಿ ಯಾರೂ ಹೆಸರು ಹಿಡಿದು ಕರೆದಿಲ್ಲವೇ? ಬೆಟಗೇರಿಯ ಮಗ್ಗದ ಮನೆಯಲ್ಲಿ ಲಾಳಿ ಓಡುವ ಸದ್ದು ಕೇಳುತ್ತ ಬೆಳೆದವಳಿಗೆ ಸದ್ದಿಲ್ಲದ ಕೋಣೆ ಹೇಗನಿಸೀತು? ಕೊರತೆ ಸಣ್ಣದಿದ್ದಷ್ಟೂ ಒಳ್ಳೆಯದು. ‘ಒಂಟಿತನ’ ಎಂದು ಬರೆದಿದ್ದರೆ ಅದನ್ನು ಅಳಿಸಿ ‘ಊಟಕ್ಕೆ ಎದುರು ಯಾರೂ ಇಲ್ಲ’ ಎಂದು ಬರೆಯಿರಿ.

ರೋಮಿಯೋನನ್ನು ನೆನಪಿಸಿಕೊಳ್ಳಿ. ಜೂಲಿಯಟ್‌ಳನ್ನು ಕಾಣುವ ಆ ರಾತ್ರಿ ಅವನು ಔತಣಕ್ಕೆ ಹೋದದ್ದು ರೋಸಲೈನ್ ಎಂಬ ಇನ್ನೊಬ್ಬಳನ್ನು ನೋಡುವ ಆಸೆಯಿಂದ. ಅವಳು ಒಲಿಯಲಿಲ್ಲವೆಂಬ ಸಂಕಟದಲ್ಲಿ ಅವನಿದ್ದ. ಶೇಕ್ಸ್‌ಪಿಯರ್ ಆ ಖಾಲಿ ಜಾಗವನ್ನು ಮೊದಲೇ ಸಿದ್ಧ ಮಾಡಿಟ್ಟಿದ್ದರಿಂದಲೇ ಮುಂದಿನ ನೋಟ ಅಷ್ಟು ಬೇಗ ಒಳಗಿಳಿಯಿತು.

ಹಂತ 2: ಜಾಗ ಆರಿಸುವಾಗ

ಕಾಲೇಜು ಕಾರಿಡಾರು, ಮಳೆ, ಡಿಕ್ಕಿ ಹೊಡೆದು ಬೀಳುವ ಪುಸ್ತಕಗಳು: ಇವನ್ನು ದಯವಿಟ್ಟು ಬಿಡಿ. ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗಗಳು ಬೇಕಾದಷ್ಟಿವೆ.

ಚಿಗರಿ ಬಸ್ಸನ್ನೇ ತೆಗೆದುಕೊಳ್ಳಿ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್, ನಟ್ಟನಡುವೆ ಅದಕ್ಕೇ ಮೀಸಲಾದ ದಾರಿ. ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಮಟ್ಟಕ್ಕೇ ಇರುವುದರಿಂದ ಹತ್ತುವವರು, ಒಳಗಿನವರು ಸರಿಸಮ ಎತ್ತರದಲ್ಲಿ ಎದುರಾಗುತ್ತಾರೆ. ಎರಡು ಬಸ್ಸು ಎದುರುಬದುರಾಗಿ ದಾಟುವಾಗ ಕಿಟಕಿಗೆ ಕಿಟಕಿ ಬಂದು ಹೋಗುತ್ತದೆ. ಒಬ್ಬರು ಧಾರವಾಡಕ್ಕೆ, ಇನ್ನೊಬ್ಬರು ಹುಬ್ಬಳ್ಳಿಗೆ, ನಡುವೆ ಎರಡು ಗಾಜು. ಇಂಥ ನೋಟ ಬೇರೆ ಎಲ್ಲಿ ಸಿಕ್ಕೀತು? ಒಂದು ಎಚ್ಚರಿಕೆ: ಚಿಗರಿ ಓಡತೊಡಗಿದ್ದು 2018ರಲ್ಲಿ. ನಿಮ್ಮ ಕಥೆ ಅದಕ್ಕಿಂತ ಹಿಂದಿನದಾದರೆ ಪಾತ್ರಗಳನ್ನು ಹಳೆಯ ಸಾದಾ ಬಸ್ಸಿನಲ್ಲೇ ಕೂರಿಸಿ.

ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಈ ತುದಿಯಲ್ಲಿ ನಿಂತವರಿಗೆ ಆ ತುದಿಯಲ್ಲಿದ್ದವರ ಮುಖ ಕಾಣುವುದಿಲ್ಲ. ಕಂಡವರನ್ನು ಮತ್ತೆ ಹುಡುಕಬೇಕಾದರೆ ಒಂದೂವರೆ ಕಿಲೋಮೀಟರ್ ನಡೆಯಬೇಕು, ರೈಲು ಹೊರಡುವುದರೊಳಗೆ. ಈ ಅಳತೆಯೇ ನಿಮಗೆ ಅರ್ಧ ದೃಶ್ಯವನ್ನು ಕೊಡುತ್ತದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆ, ಸಂಜೆ ಜನ ತುಂಬುವ ಹುಬ್ಬಳ್ಳಿಯ ದುರ್ಗದಬೈಲು, ಉಣಕಲ್ ಕೆರೆಯ ದಂಡೆ, ಧಾರವಾಡದ ಸಾಧನಕೇರಿ, ಲಕ್ಕುಂಡಿಯ ಮೆಟ್ಟಿಲುಬಾವಿ, ಇವೂ ಇವೆ.

ಆಯ್ಕೆಗೆ ನಾನು ಎರಡು ಕೇಳ್ವಿ ಇಟ್ಟುಕೊಂಡಿದ್ದೇನೆ. ಅಲ್ಲಿ ಇಬ್ಬರಿಗೂ ಏನಾದರೂ ಕೆಲಸವಿದೆಯೇ? ಅಲ್ಲಿಂದ ಬೇಗ ಎದ್ದು ಹೋಗಲೇಬೇಕಾದ ಕಾರಣವಿದೆಯೇ? ಸುಮ್ಮನೆ ನಿಂತ ಮನುಷ್ಯನಿಂದ ಮುಖವಷ್ಟೇ ಕಾಣುತ್ತದೆ, ಕೆಲಸದಲ್ಲಿರುವವರಿಂದ ಸ್ವಭಾವವೂ ಕಾಣುತ್ತದೆ.

ಹಂತ 3: ಒಂದೇ ಒಂದು ವಿವರ

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ದೃಶ್ಯ ನಿಲ್ಲುವುದೂ ಬೀಳುವುದೂ ಇಲ್ಲೇ. ಉದಾಹರಣೆಗೆ ಕಾಲ್ಪನಿಕ ಪಾತ್ರವೊಂದನ್ನು ಇಟ್ಟುಕೊಳ್ಳುತ್ತೇನೆ: ಸುಮಂಗಲಾ, ಹತ್ತೊಂಬತ್ತು ವರ್ಷ, ಹಾವೇರಿ ಜಿಲ್ಲೆಯ ರೈತನ ಮಗಳು. ಅಪ್ಪನ ಜೊತೆ ಮೆಣಸಿನಕಾಯಿ ಮಾರಲು ಬ್ಯಾಡಗಿ ಮಾರುಕಟ್ಟೆಗೆ ಬಂದಿದ್ದಾಳೆ. ಸಾಮಾನ್ಯವಾಗಿ ನನ್ನ ಕೈಗೆ ಬರುವ ಬರಹ ಹೀಗಿರುತ್ತದೆ:

‘ಮಾರುಕಟ್ಟೆಯ ಗದ್ದಲದ ನಡುವೆ ಸುಮಂಗಲಾ ಅವನನ್ನು ನೋಡಿದಳು. ಎತ್ತರದ ನಿಲುವು, ಗೋಧಿ ಬಣ್ಣ, ತುಂಟ ನಗೆ. ಅವಳ ಎದೆಬಡಿತ ಒಂದು ಕ್ಷಣ ನಿಂತೇಹೋಯಿತು. ಇವನೇ ನನ್ನವನು ಅನಿಸಿತು.’

ಇದರಲ್ಲಿ ಸುಮಂಗಲಾ ಎಲ್ಲಿದ್ದಾಳೆ? ಆ ಎತ್ತರ, ಬಣ್ಣ, ನಗೆಯನ್ನು ಯಾರು ನೋಡಿದರೂ ನೋಡಿಯಾರು. ಮೊದಲನೇ ಹಂತಕ್ಕೆ ಮರಳಿ ಕೇಳಿಕೊಳ್ಳೋಣ: ಅವಳಿಗೆ ಆ ದಿನ ಏನು ಬೇಕಾಗಿತ್ತು? ಒಂದು ವರ್ಷದ ಬೆವರು ಚೀಲದಲ್ಲಿದೆ, ಬಂದವರೆಲ್ಲ ಕೈಹಾಕಿ ಹಿಚುಕಿ ನೋಡಿ ಮುಂದೆ ಹೋಗುತ್ತಿದ್ದಾರೆ. ತಮ್ಮ ಬೆಳೆಯನ್ನು ಯಾರಾದರೂ ಒಬ್ಬರು ಕಾಳಜಿಯಿಂದ ಮುಟ್ಟಲಿ ಎಂದು ಅವಳ ಆಸೆ. ಈಗ ಮತ್ತೆ ಬರೆದರೆ:

‘ಮಧ್ಯಾಹ್ನದ ಹೊತ್ತಿಗೆ ಘಾಟು ಗಂಟಲಿಗಿಳಿದಿತ್ತು. ಅಪ್ಪ ಚೀಲದ ಮೇಲೆಯೇ ಕೂತು ಸೀನುತ್ತಿದ್ದ. ಎದುರಿನ ಲಾಟಿನಲ್ಲಿ ಯಾರದೋ ಚೀಲದ ಹೊಲಿಗೆ ಬಿಚ್ಚಿ ಒಂದಿಷ್ಟು ಕಾಯಿ ನೆಲಕ್ಕೆ ಚೆಲ್ಲಿದ್ದವು. ಮುಂಜಾನೆಯಿಂದ ಎಲ್ಲರೂ ತುಳಿದುಕೊಂಡೇ ಓಡಾಡುತ್ತಿದ್ದರು. ಚೀಟಿ ಬರೆಯುತ್ತಿದ್ದ ಹುಡುಗ ಅಲ್ಲಿ ನಿಂತ. ಪೆನ್ನು ಕಿವಿಗೆ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕಾಯಿಯ ತೊಟ್ಟು ಹಿಡಿದೆತ್ತಿ, ಧೂಳು ಊದಿ, ಅದೇ ಚೀಲಕ್ಕೆ ಹಾಕಿದ. ಬಾಯಿ ಬಿಗಿದು ಗಂಟು ಹಾಕಿ ಮುಂದಿನ ಲಾಟಿಗೆ ಹೋದ. ಆ ಚೀಲದ ರೈತ ಅಲ್ಲಿರಲೇ ಇಲ್ಲ. ಸುಮಂಗಲಾ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು. “ಯಾಕವಾ?” ಅಂದ ಅಪ್ಪ. “ಏನಿಲ್ಲಪಾ, ಘಾಟು,” ಅಂದಳು.’

ಹುಡುಗನ ಬಣ್ಣ, ಎತ್ತರ ಇಲ್ಲಿಲ್ಲ. ಎದೆಬಡಿತವೂ ಇಲ್ಲ. ಆದರೂ ಅವಳಿಗೆ ಏನೋ ಆಯಿತೆಂದು ಓದುಗರಿಗೆ ತಿಳಿಯಿತು, ಅಪ್ಪನಿಗೆ ತಿಳಿಯಲಿಲ್ಲ. ‘ಖಾರ’ ಎನ್ನದೆ ‘ಘಾಟು’ ಎಂದು ಬರೆದದ್ದಕ್ಕೂ ಕಾರಣವಿದೆ. ಬ್ಯಾಡಗಿ ಕಾಯಿ ಹೆಸರಾದದ್ದು ಕಡುಗೆಂಪು ಬಣ್ಣಕ್ಕೆ, ಅದರ ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕ ಬೆಳೆ ಅದು. ಆದರೆ ಸಾವಿರಾರು ಚೀಲ ಒಂದೆಡೆ ಬಿದ್ದಾಗ ಏಳುವ ಧೂಳಿಗೆ ಸೀನದವರಿಲ್ಲ. ಆ ಊರಿನ ಓದುಗರು ಇಂಥ ಕಡೆ ನಿಮ್ಮನ್ನು ಒರೆಗೆ ಹಚ್ಚುತ್ತಾರೆ. ಇಲ್ಲಿ ಸರಿಯಿದ್ದರೆ ಪ್ರೀತಿಯ ಮಾತಿನಲ್ಲೂ ನಿಮ್ಮನ್ನು ನಂಬುತ್ತಾರೆ.

ಹಂತ 4: ಮೈಯ ಸುಳ್ಳನ್ನು ಬಳಸಿಕೊಳ್ಳಿ

1974ರಲ್ಲಿ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆ್ಯರನ್ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧ. ಕೆನಡಾದ ವ್ಯಾಂಕೂವರ್ ಬಳಿಯ ತೂಗುಸೇತುವೆ ದಾಟಿದ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ ತನ್ನ ಫೋನ್ ನಂಬರ್ ಕೊಟ್ಟಳು. ಗಟ್ಟಿಮುಟ್ಟಾದ ತಗ್ಗು ಸೇತುವೆಯಲ್ಲಿ ಸಿಕ್ಕವರಿಗಿಂತ, ತೂಗಾಡುವ ಎತ್ತರದ ಸೇತುವೆಯಲ್ಲಿ ಸಿಕ್ಕವರೇ ಆಮೇಲೆ ಹೆಚ್ಚಾಗಿ ಫೋನ್ ಮಾಡಿದರು. ಭಯಕ್ಕೆ ಬಡಿದುಕೊಂಡ ಎದೆಯನ್ನು ಅವರು ಸೆಳೆತವೆಂದು ತಿಳಿದುಕೊಂಡಿರಬೇಕು ಎಂಬುದು ವಿವರಣೆ. ಹಾಗಾಗಿ ನೋಟಕ್ಕೆ ಮುಂಚೆ ಮೈಗೆ ಬೇರೊಂದು ಕಾರಣ ಕೊಡಿ: ಓಡಿ ಬಂದು ಬಸ್ಸು ಹಿಡಿದದ್ದು, ರಿಸಲ್ಟಿನ ದಿನ, ವೇದಿಕೆ ಹತ್ತುವ ಮುಂಚಿನ ನಡುಕ. ಎದೆ ಬಡಿದದ್ದು ಯಾಕೆಂದು ಪಾತ್ರಕ್ಕೂ ಸ್ಪಷ್ಟವಿರಬಾರದು. ‘ಸಮಯ ನಿಂತಿತು’ ಎಂಬ ಸಾಲು ಮಾತ್ರ ಬೇಡ.

ಹಂತ 5: ಮೊದಲ ನೋಟ ಒಂದು ತಪ್ಪನ್ನೂ ಮಾಡಲಿ

ನೋಡಿದವರು ಆ ಒಂದು ವಿವರದಿಂದ ಏನೋ ಒಂದನ್ನು ಊಹಿಸುತ್ತಾರೆ. ಆ ಊಹೆ ಅರ್ಧ ಸರಿ, ಅರ್ಧ ತಪ್ಪು ಇರಲಿ. ಪೂರ್ತಿ ಸರಿಯಾದರೆ ಮುಂದೆ ಕಥೆಯಿಲ್ಲ, ಪೂರ್ತಿ ತಪ್ಪಾದರೆ ಪಾತ್ರ ಪೆದ್ದಾಗುತ್ತದೆ.

ಸುಮಂಗಲಾ ಏನೆಂದುಕೊಂಡಳು? ಇವನು ನಮ್ಮಂಥ ರೈತರ ಮನೆಯವನು, ಬೆಳೆಯ ಬೆಲೆ ಬಲ್ಲವನು. ಬೆಲೆ ಬಲ್ಲವನೆಂಬುದು ನಿಜ. ಆದರೆ ಅವನು ದಲಾಲಿ ಅಂಗಡಿಯ ಮಾಲೀಕನ ಮಗ. ಅವಳ ಅಪ್ಪ ಮುಂಗಡ ಸಾಲ ತಂದದ್ದೂ ಅದೇ ಅಂಗಡಿಯಲ್ಲಿ. ಸಂಜೆ ಟೆಂಡರ್ ದರ ಅಪ್ಪ ಅಂದುಕೊಂಡದ್ದಕ್ಕಿಂತ ಕೆಳಗಿದೆ, ಸಾಲ ಮುರಿದುಕೊಂಡು ಉಳಿದ ಹಣ ಎಣಿಸಿ ಕೊಡುವ ಕೈ ಅವನದೇ. ಮಧ್ಯಾಹ್ನ ನೆಲದ ಕಾಯಿಯನ್ನು ಧೂಳು ಊದಿ ಎತ್ತಿದ ಬೆರಳುಗಳೇ ಈಗ ನೋಟು ಎಣಿಸುತ್ತಿವೆ. ಅವನು ಕೆಟ್ಟವನೇ? ಅಲ್ಲ. ಅವಳು ಕಂಡದ್ದು ಸುಳ್ಳೇ? ಅದೂ ಅಲ್ಲ. ಇನ್ನು ನೂರು ಪುಟ ಬರೆಯಲು ಇದು ಸಾಕು. ಇಬ್ಬರನ್ನು ದೂರ ಮಾಡಲು ಹೊರಗಿನಿಂದ ಖಳನಾಯಕನನ್ನು ತರಬೇಕಿಲ್ಲ, ಜಗಳಗಂಟ ಸೋದರಮಾವನೂ ಬೇಡ. ಅಡ್ಡಿಯನ್ನು ನೋಟದೊಳಗೇ ಇಟ್ಟುಬಿಟ್ಟಿದ್ದೀರಿ.

ಹಂತ 6: ನೋಡಿಸಿಕೊಂಡವರ ಕಡೆಗೆ ತಿರುಗಿ

ಈ ಹಂತವನ್ನು ಯಾರೂ ಹಾರಿಸಬಾರದು ಎಂಬುದು ನನ್ನ ಕಳಕಳಿ. ನಮ್ಮಲ್ಲಿ ಎಷ್ಟೋ ಕಥೆಗಳು ಹುಡುಗ ನೋಡಿದ, ಬೆನ್ನುಬಿದ್ದ, ಹುಡುಗಿ ಕೊನೆಗೆ ಒಪ್ಪಿದಳು ಎಂಬ ದಾರಿ ಹಿಡಿಯುತ್ತವೆ. ನೋಟದಿಂದ ಅವನಿಗೆ ಅವಳ ಮೇಲೆ ಯಾವ ಹಕ್ಕೂ ಬಂದಿಲ್ಲ. ಬೇಡವೆಂದರೂ ಮತ್ತೆ ಮತ್ತೆ ಹಿಂಬಾಲಿಸುವುದು ಕಾನೂನಿನಲ್ಲಿ ಅಪರಾಧ; 2013ರಲ್ಲಿ ಐಪಿಸಿಗೆ ಸೇರಿದ ಈ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ನಿಮ್ಮ ಕಥೆ ಓದುವ ಹದಿನಾರರ ಹುಡುಗಿ ದಿನಾ ಬಸ್‌ಸ್ಟಾಪಿನಲ್ಲಿ ಇಂಥ ಕಣ್ಣುಗಳನ್ನು ತಪ್ಪಿಸಿಕೊಂಡು ಮನೆ ಸೇರುವವಳು. ಅವಳ ಪಾಲಿಗೆ ಅದು ಪ್ರೇಮವಲ್ಲ.

ಆದ್ದರಿಂದ ದೃಶ್ಯ ಬರೆದು ಮುಗಿದ ಮೇಲೆ ಅದನ್ನೇ ಇನ್ನೊಬ್ಬರ ಕಣ್ಣಿಂದ ಒಂದು ಪುಟ ಬರೆಯಿರಿ. ಯಾರೋ ನೋಡುತ್ತಿದ್ದಾರೆಂದು ಅವರಿಗೆ ಗೊತ್ತಾಯಿತೇ? ಹಿತವೆನಿಸಿತೇ, ಕಸಿವಿಸಿಯೇ, ಗಮನಕ್ಕೇ ಬರಲಿಲ್ಲವೇ? ಕಸಿವಿಸಿ ಎಂದು ಉತ್ತರ ಬಂದರೆ ನೋಡುವ ಪಾತ್ರ ಅಲ್ಲಿ ಕಣ್ಣು ಕೆಳಗಿಳಿಸಬೇಕು. ಹಾಗೆ ಇಳಿಸಿದ ಕಣ್ಣಿನ ಮೇಲೆ ಓದುಗರಿಗೆ ಹುಟ್ಟುವ ಅಕ್ಕರೆ ದೊಡ್ಡದು.

ವಯಸ್ಸನ್ನು ಮೊದಲೇ ನಿರ್ಧರಿಸಿ, ಕಥೆಯಲ್ಲಿ ಸ್ಪಷ್ಟವಾಗಿ ಹೇಳಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಪಿಯುಸಿ ಓದುವ ಇಬ್ಬರ ಕಥೆಯನ್ನು ನೋಟ, ಮಾತು, ಪತ್ರ, ಸಂಕೋಚಗಳಲ್ಲೇ ತುಂಬು ಚೆಲುವಾಗಿ ಬರೆಯಬಹುದು, ಅದಕ್ಕಿಂತ ಮುಂದೆ ಹೋಗುವುದು ಬೇಡ. ದೊಡ್ಡವರೊಬ್ಬರು ಶಾಲೆಯ ಹುಡುಗಿಯನ್ನೋ ಹುಡುಗನನ್ನೋ ‘ಮೊದಲ ನೋಟದಲ್ಲೇ’ ಪ್ರೀತಿಸುವ ಕಥೆಯನ್ನು ಬರೆಯಲೇಬೇಡಿ.

ಹಂತ 7: ಹತ್ತಿರ ಹೋಗಲು ಒಂದು ನೆಪ

ದುಷ್ಯಂತ ಮರದ ಮರೆಯಲ್ಲಿ ನಿಂತು ಶಕುಂತಲೆಯನ್ನು ನೋಡುತ್ತಾನೆ. ಅವನು ಹೊರಬರಲು ಕಾಳಿದಾಸ ಒಂದು ದುಂಬಿಯನ್ನು ತಂದ. ಅದು ಅವಳ ಮುಖದ ಸುತ್ತ ಹಾರಾಡಿ ಕಾಡಿದಾಗ, ಬಿಡಿಸುವ ನೆಪದಲ್ಲಿ ರಾಜ ಮುಂದೆ ಬರುತ್ತಾನೆ. ನಿಮ್ಮ ದುಂಬಿ ಯಾವುದು? ಬ್ಯಾಡಗಿಯಲ್ಲಾದರೆ ಗಾಳಿಗೆ ಹಾರಿದ ಲಾಟ್ ಚೀಟಿ, ಚಿಗರಿಯಲ್ಲಾದರೆ ಗೇಟಿನಲ್ಲಿ ಸ್ಕ್ಯಾನ್ ಆಗದ ಟಿಕೆಟ್ಟು. ನೆಪ ಆ ಜಾಗದ್ದೇ ಇರಲಿ, ಸಣ್ಣದಿರಲಿ.

ಹಂತ 8: ಮೊದಲ ಮಾತು

ನಮ್ಮ ಕಡೆಯ ಕಥೆಗಾರರಿಗೆ ದೊಡ್ಡ ಬಂಡವಾಳವೊಂದಿದೆ, ಅದನ್ನು ಬಳಸುವವರು ಕಡಿಮೆ. ಧಾರವಾಡದಲ್ಲಿ ಗುರುತಿಲ್ಲದ ಓರಗೆಯವರೂ ಒಬ್ಬರಿಗೊಬ್ಬರು ‘ರೀ’ ಹಚ್ಚಿಯೇ ಮಾತಾಡುತ್ತಾರೆ.

‘ರೀ, ನಿಮ್ಮ ಚೀಟಿ ಬಿದ್ದೈತಿ ನೋಡ್ರಿ.’

‘ಹೌದೇನ್ರಿ? ಭಾಳ ಛಲೋ ಆತು, ಇಲ್ಲಾಂದ್ರ ಅಪ್ಪ ಬೈತಿದ್ದ.’

‘ನಿಮ್ಮವು ಎಷ್ಟ್ ಚೀಲ ಬಂದಾವ್ರಿ?’

ಈ ‘ರೀ’ ಎಷ್ಟು ಪುಟ ಉಳಿಯುತ್ತದೆ, ಯಾರ ಬಾಯಿಂದ ಮೊದಲು ಜಾರುತ್ತದೆ, ‘ನೀ ಯಾವಾಗ ಬಂದಿ?’ ಎಂದು ಕೇಳಿದ ಮೇಲೆ ಇಬ್ಬರೂ ಎಷ್ಟು ಹೊತ್ತು ಸುಮ್ಮನಿರುತ್ತಾರೆ, ಇದನ್ನು ಯೋಜನೆ ಮಾಡಿ ಬರೆಯಿರಿ. ಇಡೀ ಅಧ್ಯಾಯದ ವರ್ಣನೆ ಮಾಡದ ಕೆಲಸವನ್ನು ಆ ಒಂದು ಬದಲಾವಣೆ ಮಾಡುತ್ತದೆ. ಸಂಭಾಷಣೆಯಲ್ಲಿ ‘ಐತಿ’ ಎನ್ನುವ ಮನೆಗಳಿವೆ, ‘ಅದ’ ಎನ್ನುವ ಮನೆಗಳಿವೆ. ಒಂದೇ ಪಾತ್ರದ ಬಾಯಲ್ಲಿ ಎರಡನ್ನೂ ಬೆರೆಸಿದರೆ ಸ್ಥಳೀಯ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ರಾಣೆಬೆನ್ನೂರು ದಾಟಿದಂತೆ ಧಾಟಿ ದಾವಣಗೆರೆ ಕಡೆಗೆ ವಾಲುತ್ತದೆ, ಅದಕ್ಕೂ ಕಿವಿಗೊಡಿ. ನಿರೂಪಣೆ ಗ್ರಾಂಥಿಕವಾಗಿದ್ದರೂ ಅಡ್ಡಿಯಿಲ್ಲ, ಮಾತು ಮಾತ್ರ ಆಡುಮಾತೇ ಆಗಿರಲಿ.

ಹಂತ 9: ಎರಡನೆಯ ನೋಟ

ಮೊದಲ ನೋಟಕ್ಕೆ ಕೊಟ್ಟ ಪುಟಗಳಿಗಿಂತ ಹೆಚ್ಚು ಪುಟಗಳನ್ನು ಎರಡನೆಯದಕ್ಕೆ ಕೊಡಿ. 1968ರಲ್ಲಿ ರಾಬರ್ಟ್ ಜಾಯಾಂಕ್ ಎಂಬ ಮನಶ್ಶಾಸ್ತ್ರಜ್ಞ, ಒಂದು ವಸ್ತು ಮತ್ತೆ ಮತ್ತೆ ಕಣ್ಣಿಗೆ ಬಿದ್ದರೇ ಸಾಕು, ಅದರ ಮೇಲೆ ಒಲವು ಬೆಳೆಯುತ್ತದೆ ಎಂದು ತೋರಿಸಿದ. ಬರೀ ಮತ್ತೆ ಕಾಣುವುದು ಕಥೆಗೆ ಸಾಲದು. ಎರಡನೆಯ ಸಲ ಕಂಡಾಗ ಮೊದಲ ಊಹೆ ಅಲುಗಾಡಬೇಕು. ನಡುವೆ ದಿನಗಳು ಹಾಯಲಿ. ಕಾಮಸೂತ್ರದ ಆ ನಡುವಿನ ಅವಸ್ಥೆಗಳು, ಮೆಲುಕು, ನಿದ್ದೆಗೇಡು, ಊಟ ರುಚಿಸದಿರುವುದು, ಇಲ್ಲಿಗೇ ಸೇರಬೇಕಾದವು. ಆ ದಿನಗಳಲ್ಲಿ ಸುಮಂಗಲಾ ತನ್ನ ನೆನಪಿನಲ್ಲಿ ಆ ಹುಡುಗನನ್ನು ಇನ್ನಷ್ಟು ಒಳ್ಳೆಯವನನ್ನಾಗಿ ಮಾಡಿಕೊಂಡಿರುತ್ತಾಳೆ. ನಿಜವಾಗಿ ಎದುರಿಗೆ ಬಂದವನು ನೆನಪಿನವನಿಗಿಂತ ಒಂದು ಗುಲಗಂಜಿ ಕಡಿಮೆಯಿದ್ದು, ಆದರೂ ಅವಳು ಎದ್ದು ಹೋಗದಿದ್ದರೆ, ಓದುಗರು ಮೊದಲ ಬಾರಿಗೆ ‘ಪ್ರೀತಿ’ ಎಂಬ ಮಾತನ್ನು ತಾವೇ ಹೇಳಿಕೊಳ್ಳುತ್ತಾರೆ. ನೀವು ಅದನ್ನು ಬರೆಯುವ ಅಗತ್ಯವೂ ಬೀಳುವುದಿಲ್ಲ.

ಹಂತ 10: ತಿದ್ದುವಾಗ

ಬರೆದದ್ದನ್ನು ಒಂದು ವಾರ ಮುಟ್ಟಬೇಡಿ. ಆಮೇಲೆ ಕೆಂಪು ಪೆನ್ನು ಹಿಡಿದು ಮೊದಲು ‘ಕ್ಷಣ’, ‘ಎದೆಬಡಿತ’, ‘ಮಾಯೆ’, ‘ಜನ್ಮಜನ್ಮಾಂತರ’ ಎಂಬ ಮಾತುಗಳಿಗೆ ಗೆರೆ ಎಳೆಯಿರಿ. ಮುಖದ ವರ್ಣನೆ ಎರಡು ಸಾಲು ದಾಟಿದ್ದರೆ ಉಳಿದದ್ದನ್ನು ಹೊಡೆದುಹಾಕಿ. ಅನಂತರ ನೋಡುವ ಪಾತ್ರದ ಹೆಸರು ಅಳಿಸಿ, ಆ ಜಾಗದಲ್ಲಿ ನಿಮ್ಮ ಕಥೆಯ ಇನ್ನೊಂದು ಪಾತ್ರದ ಹೆಸರು ಹಾಕಿ ಓದಿ. ದೃಶ್ಯ ಹಾಗೆಯೇ ನಡೆದರೆ ಅದು ಇನ್ನೂ ಆಗಿಲ್ಲವೆಂದು ಅರ್ಥ. ಮೊದಲನೇ ಹಂತಕ್ಕೆ ಹೋಗಿ ಆ ಅರ್ಧ ದಿನವನ್ನು ಮತ್ತೆ ಬರೆಯಿರಿ. ಕೊನೆಗೆ ಹದಿನೇಳು ಹದಿನೆಂಟರ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ, ‘ಹೆಂಗೈತಿ?’ ಎಂದು ಮಾತ್ರ ಕೇಳಬೇಡಿ, ಕೇಳಿದರೆ ಎಲ್ಲರೂ ಛಲೋ ಐತಿ ಅಂತಲೇ ಅಂತಾರೆ. ‘ಆಕಿಗೆ ಅಂವ ಯಾಕ ಹಿಡಿಸಿದ?’ ಎಂದು ಕೇಳಿ. ಉತ್ತರ ಆ ಹುಡುಗನ ರೂಪದಿಂದ ಶುರುವಾದರೆ ಮತ್ತೊಂದು ಕರಡು ಬೇಕು. ‘ಆಕೀಗಿ ಆವತ್ತು…’ ಎಂದು ಶುರುವಾದರೆ ಎರಡನೇ ಅಧ್ಯಾಯ ಬರೆಯಲು ಕೂತುಕೊಳ್ಳಿ.